ನಾನು ಬರೆದ ಕೊನೆಯ ಹಾಳೆ

ಗೆಳೆಯರೇ, ಇವತ್ತು ಬಂಕಾಪುರದ ವಾಚನಾಲಯದಲ್ಲಿ ಲೇಖಕರೊಬ್ಬರು ಸುಮ್ಮನೆ ಬೈಸಿಕೊಂಡರು. ತಪ್ಪು ನನ್ನದು.

ಚಿಕ್ಕಂದಿನಲ್ಲಿ ಮುಗಿಬಿದ್ದು ಓದಿದ ಗಗನನೌಕೆಯ ಕಾದಂಬರಿಗಳಿಗೆ ಇಷ್ಟು ವರ್ಷಗಳ ಮೇಲೆ ನಾಲ್ಕನೇ ಭಾಗ ಬಂದಿದೆ. ಆಸೆಯಿಂದ ಹೋದರೆ, ಅದನ್ನು ಮೊದಲೇ ಓದಿದ್ದ ನಿವೃತ್ತ ಮಾಸ್ತರರು ಕೆಂಡಾಮಂಡಲವಾಗಿದ್ದರು.

"ಮೂರನೇ ಭಾಗದಾಗ ಕ್ಯಾಪ್ಟನ್ ಮಂದಾಕಿನಿ ಭೂಮಿಗೆ ವಾಪಸ್ ಬಂದಿದ್ಲಲ್ರಿ! ಇದ್ರಾಗ ಅಕಿ ಆವಾಗಲೇ ಸತ್ತಾಳಂತ ಬರದಾರ. ಬರದವರಿಗೆ ತಮ್ಮ ಕತಿನ ನೆನಪಿಲ್ಲೇನು?"

ಹರಿದ ಹಾಳೆಗಳನ್ನು ಬೇರೆ ಪ್ರತಿ ನೋಡಿ ಕೈಯಲ್ಲಿ ಬರೆದು ಅಂಟಿಸುವುದು ಆ ವಾಚನಾಲಯದ ರೂಢಿ. ಮೂರನೇ ಭಾಗದ ಕೊನೆಯ ಹಾಳೆಗಾಗಿ ಹನ್ನೆರಡು ವರ್ಷದ ನನ್ನನ್ನು ಸವಣೂರಿಗೆ ಕಳಿಸಿದ್ದರು. ಅಲ್ಲಿನ ಪ್ರತಿಯಲ್ಲಿ ಮಂದಾಕಿನಿ ಸಾಯುತ್ತಿದ್ದಳು. ಅದನ್ನು ಬರೆಯಲು ಮನಸ್ಸಾಗದೆ ಅವಳನ್ನು ಮನೆಗೆ ಕರೆತಂದುಬಿಟ್ಟೆ.

ಇವತ್ತು ಒಪ್ಪಿಕೊಂಡೆ. ಮಾಸ್ತರರು ಹೊಸ ಪುಸ್ತಕವನ್ನು ನನ್ನತ್ತ ಸರಿಸಿದರು.

"ಹಂಗಾರ ಇದನ್ನೂ ಒಂದೀಟು ರಿಪೇರಿ ಮಾಡಿ ಕೊಡ್ರಿ."

ತಂದು ಓದುತ್ತಿದ್ದೇನೆ. ಪುಸ್ತಕ ಚೆನ್ನಾಗಿಯೇ ಇದೆ, ಅವಳಿಲ್ಲ, ಅಷ್ಟೇ. ಮನೆಯಲ್ಲಿ ಹಾಳೆಯೂ ಇದೆ, ಅಂಟೂ ಇದೆ. ಹನ್ನೆರಡರ ಆ ಧೈರ್ಯ ಮಾತ್ರ ಎಲ್ಲಿಟ್ಟೆನೋ ಸಿಗುತ್ತಿಲ್ಲ.