ಸತ್ತವರ ಕಣ್ಣು ತೆರೆಸುತ್ತಿದ್ದ ಕಾಕಾ

ಮೊನ್ನೆ ಹೆಂಡತಿ ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿ ಮಾಡಲೆಂದು ಅಗಸಿ ಬೀಜ ಹುರಿಯಲಿಟ್ಟು, ಫೋನಿನಲ್ಲಿ ತವರಿನವರ ಜೊತೆ ಮಾತಿಗೆ ಕುಳಿತಳು. ಅಗಸಿ ಸೀದುಹೋಯಿತು. ಆ ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ತಟ್ಟೆ ತಳ್ಳಿ ಹೊರಗೆ ಬಂದೆ. "ಇಷ್ಟಕ್ಕ ಸಿಟ್ಟ ಮಾಡ್ಕೋತಾರೇನ್ರಿ?" ಎಂದಳು. ಸಿಟ್ಟು ಅವಳ ಮೇಲಾಗಿರಲಿಲ್ಲ. ಎಷ್ಟೋ ವರ್ಷಗಳ ಹಿಂದೆ ನನ್ನ ಅಂಗಡಿಯ ಮುಂದೆ ಒಂದು ಚಿತ್ರ ಉರಿದಿತ್ತು, ಅಗಸಿ ಎಣ್ಣೆಯಲ್ಲಿ ಬಣ್ಣ ಕಲೆಸಿ ಬರೆದ ಚಿತ್ರ. ಅದರ ವಾಸನೆಯೂ ಇದೇ.

ಸಿದ್ಧೇಶ್ವರ ಗುಡಿಯ ಹತ್ತಿರ ನನ್ನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಪಕ್ಕದ ಖೋಲಿಯಲ್ಲಿ ಪೇಂಟರ್ ಕಾಕಾ ಇದ್ದರು. ಮೂಲ ಬಬಲೇಶ್ವರದವರು. ತೀರಿಕೊಂಡವರ ಚಿತ್ರ ಬರೆಯುವುದೇ ಅವರ ಕೆಲಸ. ನಮ್ಮಲ್ಲಿ ಹೆಣವನ್ನು ಕೂಡಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ಫೋಟೋ ತೆಗೆಸುವ ರೂಢಿ. ಆಗೆಲ್ಲ ಎಷ್ಟೋ ಮಂದಿಗೆ ಇದ್ದದ್ದು ಅದೊಂದೇ ಫೋಟೋ, ಅದೂ ಸತ್ತ ಮೇಲೆ ತೆಗೆದದ್ದು. ಮನೆಯವರು ಅದನ್ನು ತಂದು, "ಕಣ್ಣು ತೆರಸಿ ಕೊಡ್ರಿ ಕಾಕಾ" ಎನ್ನುತ್ತಿದ್ದರು.

ಎಂದೂ ನೋಡದ ಮನುಷ್ಯನ ಕಣ್ಣು ಬರೆಯುವುದು ಹೇಗೆ? ಕಾಕಾ ಚಿತ್ರದ ಪಕ್ಕದಲ್ಲೇ ದಾಡಿ ಮಾಡಿಕೊಳ್ಳುವ ಕನ್ನಡಿ ತೂಗುಹಾಕಿ, ತಮ್ಮ ಕಣ್ಣನ್ನೇ ನೋಡಿ ಬರೆಯುತ್ತಿದ್ದರು. ತಿಕೋಟಾದ ಕಿರಾಣಿ ವ್ಯಾಪಾರಿಗೂ ಅರಕೇರಿಯ ಮುದುಕಿಗೂ ಅದೇ ತಣ್ಣನೆಯ ಕಣ್ಣು.

"ಕಾಕಾ, ಜಿಲ್ಲಾ ತುಂಬ ಗ್ವಾಡಿ ಮ್ಯಾಗ ನೀವ ಕುಂತೀರಲ್ರಿ" ಎಂದು ನಾನು ಕಾಡುತ್ತಿದ್ದೆ.

"ಸುಮ್ನಿರಲೇ, ಇನ್ನಾ ಯಾರೂ ಗುರ್ತ ಹಿಡದಿಲ್ಲ" ಎಂದು ನಗುತ್ತಿದ್ದರು.

ಆಮೇಲೆ ಅವರ ತಮ್ಮನನ್ನು ದಾಯಾದಿಗಳು ಹೊಲದ ಒಡ್ಡಿನ ಮೇಲೆ ಕೊಡಲಿಯಿಂದ ಕಡಿದರು. ಕಾಕಾ ಅಂದು ಬಬಲೇಶ್ವರದಲ್ಲೇ ಇದ್ದರು. ಓಡಿಹೋಗುವಷ್ಟರಲ್ಲಿ… ತಲೆ ಎರಡು ಹೋಳಾಗಿತ್ತಂತೆ. ಗಾಯ ಕಾಣದಂತೆ ದೊಡ್ಡ ರುಮಾಲು ಸುತ್ತಿ, ಕೂಡಿಸಿ ಫೋಟೋ ತೆಗೆಸಿದರು. ಕಣ್ಣು ತೆರೆಸುವ ಕೆಲಸ ಕಾಕಾನ ಪಾಲಿಗೇ ಬಂತು.

ಅವರು ಮೊದಲು ಮಾಡಿದ್ದು ಕನ್ನಡಿಯನ್ನು ನೆಲಕ್ಕೆ ಅಪ್ಪಳಿಸಿದ್ದು. ಆಮೇಲೆ ಬಾಗಿಲು ಹಾಕಿಕೊಂಡರು. ಒಳಗಿಂದ ಹಲ್ಲು ಕಡಿಯುವ, ಬೈಯುವ, ಒಮ್ಮೊಮ್ಮೆ ಗೋಡೆಗೆ ತಲೆ ಚಚ್ಚುವ ಸಪ್ಪಳ ಕೇಳುತ್ತಿತ್ತು. ಕೊನೆಗೊಂದು ದಿನ ನನ್ನನ್ನು ಕರೆದರು.

ಚಿತ್ರದಲ್ಲಿ ರುಮಾಲು ಇರಲಿಲ್ಲ. ಸೀಳಿದ ತಲೆ, ಬಾಯಿ ತುಂಬ ಎರೆಮಣ್ಣು. ಒಂದು ಕಣ್ಣು ಒಡೆದುಹೋಗಿತ್ತು, ಇನ್ನೊಂದು ನನ್ನನ್ನೇ ನೋಡುತ್ತಿತ್ತು. ಹೊಲವೂ ಇಲ್ಲ, ಆಕಾಶವೂ ಇಲ್ಲ. ಕೆಂಪು, ಕಪ್ಪು ಬಣ್ಣವನ್ನು ಅಂಗೈಯಿಂದ ಮೆತ್ತಿ, ಉಗುರಿನಿಂದ ಗೀರಿ ಕಿತ್ತಿದ್ದರು. ಪ್ರದರ್ಶನಕ್ಕೆಂದು ಪೇಟೆಯ ಕಲಾವಿದರು ತಂದ ಚಿತ್ರಗಳಿಗೂ ನಾನು ಕಟ್ಟು ಹಾಕಿದ್ದೇನೆ. ಬಣ್ಣ ಸುರುವಿ, ಇದು ನೋವು, ಇದು ಆಕ್ರೋಶ ಎಂದು ನನಗೇ ಪಾಠ ಹೇಳಿ ಹೋಗುತ್ತಾರೆ. ಇಲ್ಲಿ ಯಾರೂ ಪಾಠ ಹೇಳಲಿಲ್ಲ. ನಾನು ಅತ್ತುಬಿಟ್ಟೆ.

"ಇದೊಂದ ನಂದು. ಉಳದಾವೆಲ್ಲಾ ಗಿರಾಕೀವು" ಎಂದರು ಕಾಕಾ. "ಚಲೋ ಕಟ್ಟು ಹಾಕು. ಮನ್ಯಾಗ ಹಾಕೂದೈತಿ."

ಕಟ್ಟು ಹಾಕಿ ಮೇಜಿನ ಮೇಲಿಟ್ಟಿದ್ದೆ. ಅಷ್ಟರಲ್ಲಿ ಕಾಕಾನ ಅಣ್ಣ ಚಿತ್ರ ಒಯ್ಯಲು ಬಂದ. ಕಡಿದವರು ಜೈಲಿನಲ್ಲಿದ್ದರು. ಎರಡೂ ಮನೆಗಳಲ್ಲಿ ಉಳಿದವರಿಂದ ಊರ ಹಿರಿಯರು, ಇನ್ನು ರಕ್ತ ಬೇಡ ಎಂದು ಗುಡಿಯಲ್ಲಿ ಆಣೆ ಮಾಡಿಸಿದ್ದರು. ಚಿತ್ರ ನೋಡಿ ಅಣ್ಣನ ಮುಖ ಕಪ್ಪಿಟ್ಟಿತು.

"ಇದನ್ನ ದಿನಾ ನೋಡಿದ್ರ ಅವನ ಮಕ್ಳು ನಾಳೆ ಕೊಡ್ಲಿ ಹಿಡೀತಾವು. ನಗೂ ಮಾರಿ ಬರದು ಕೊಡು."

"ನಕ್ಕೋತ ಸತ್ತಿಲ್ಲಣ್ಣಾ ಅಂವ" ಎಂದರು ಪಕ್ಕದ ಖೋಲಿಯಿಂದ ಬಂದ ಕಾಕಾ.

ಅಣ್ಣ ನನ್ನ ಮೇಜಿನ ಮೇಲಿದ್ದ ಸುತ್ತಿಗೆ ಎತ್ತಿಕೊಂಡ. ಮೊದಲ ಏಟಿಗೆ ಕಟ್ಟು ಮುರಿಯಿತು. ಎರಡನೆಯದು ಚಿತ್ರದ ಮುಖದ ಮೇಲೆ ಬೀಳುವುದಿತ್ತು. ಕಾಕಾ ಬಲಗೈಯನ್ನು ಆ ಮುಖದ ಮೇಲೆ ಚಾಚಿ ಮುಚ್ಚಿದರು. ಸುತ್ತಿಗೆ ಕೈಮೇಲೆ ಬಿತ್ತು. ಎಲುಬು ಮುರಿದ ಆ ಸಪ್ಪಳ… ಅಣ್ಣ ನಿಲ್ಲಿಸಲಿಲ್ಲ, ಮತ್ತೆ ಹೊಡೆದ. ನಾನು ಅವನ ಕುತ್ತಿಗೆ ಹಿಡಿದು ಶಟರ್‌ಗೆ ತಲೆ ಜಜ್ಜಿದೆ. ಅವನ ಬಾಯಿಂದ ರಕ್ತ ಬಂತು. ಅಕ್ಕಪಕ್ಕದವರು ಎಳೆದು ಹಿಡಿಯದಿದ್ದರೆ ನಾನು ಅವನನ್ನು ಬಿಡುತ್ತಿರಲಿಲ್ಲ. ಅವರು ನನ್ನನ್ನು ಹಿಡಿದುಕೊಂಡಿದ್ದಾಗಲೇ ಅವನು ಚಿತ್ರವನ್ನು ಬೀದಿಗೆಳೆದು, ಕಾಕಾನ ಟರ್ಪಂಟೈನ್ ಸುರುವಿ ಕಡ್ಡಿ ಗೀರಿದ. ನಮ್ಮಲ್ಲಿ ಹೆಣವನ್ನು ಸುಡುವುದಿಲ್ಲ, ಕೂಡಿಸಿ ಮಣ್ಣು ಮಾಡುತ್ತೇವೆ. ಆ ತಮ್ಮನಿಗೆ ಮಾತ್ರ ಎರಡೂ ಆಯಿತು. ಅಣ್ಣನೂ ಅಳುತ್ತಿದ್ದ. ಕಾಕಾ ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು.

ದವಾಖಾನೆಯಲ್ಲಿ ಕಾಕಾ "ಕೈ ಮ್ಯಾಗ ಕಟ್ಟು ಬಿತ್ರಿ" ಎಂದಷ್ಟೇ ಹೇಳಿದರು. ಬೆರಳುಗಳು ಸೊಟ್ಟಗೆ ಕೂಡಿಕೊಂಡವು. ಮತ್ತೆ ಬ್ರಶ್ ಹಿಡಿಯಲಾಗಲಿಲ್ಲ. ಖೋಲಿ ಖಾಲಿ ಮಾಡಿ ತೊರವಿಯ ಮಗಳ ಮನೆಗೆ ಹೋದರು. ಬಬಲೇಶ್ವರದ ಮನೆಗೆ ಬೇರೆ ಯಾರೋ ನಗುಮುಖದ ಚಿತ್ರ ಮಾಡಿಕೊಟ್ಟರು. ತಮ್ಮನ ಮಕ್ಕಳು ಕೊಡಲಿ ಹಿಡಿಯಲಿಲ್ಲ, ದುಡಿದು ಉಣ್ಣುತ್ತಿದ್ದಾರೆ. ಅಣ್ಣ ಹೇಳಿದ್ದೇ ಸರಿಯಿತ್ತೋ ಏನೋ. ನನ್ನ ಸಿಟ್ಟು ಮಾತ್ರ ಇಂದಿಗೂ ಇಳಿದಿಲ್ಲ.

ಹೋದ ತಿಂಗಳು ಕಾಕಾ ತೀರಿಕೊಂಡರು. ಅವರನ್ನೂ ಕೂಡಿಸಿ ಫೋಟೋ ತೆಗೆದಿದ್ದರು. ಮಗಳು ಅದಕ್ಕೆ ಮೊಬೈಲಿನಲ್ಲೇ ಕಣ್ಣು ತೆರೆಸಿ, ಪ್ರಿಂಟ್ ಹಾಕಿಸಿ ತಂದಿದ್ದಳು. ಪಳಪಳ ಹೊಳೆಯುವ, ಯಾರವೋ ಏನೋ ಕಣ್ಣುಗಳು.

"ಚಂದ ಬಂದೈತಿಲ್ರಿ ಅಣ್ಣಾರ?" ಎಂದಳು.

ಕೈಯಲ್ಲಿ ಸುತ್ತಿಗೆ ಇತ್ತು. ಒಂದೇ ಏಟಿಗೆ ಪುಡಿ ಮಾಡಿಬಿಡಬೇಕು ಅನಿಸಿತು. ಅವಳ ಮುಖ ನೋಡಿ, ಸುಮ್ಮನೆ ಮೊಳೆ ಹೊಡೆದು ಕಟ್ಟು ಹಾಕಿಕೊಟ್ಟೆ.

ನಿನ್ನೆ ತಿಕೋಟಾದ ಆ ಕಿರಾಣಿ ವ್ಯಾಪಾರಿಯ ಮನೆಗೆ, ಅವನ ಚಿತ್ರದ ಸೀಳುಬಿಟ್ಟ ಗಾಜು ಬದಲಿಸಲು ಹೋಗಿದ್ದೆ. ಧೂಳು ಒರೆಸುತ್ತಿದ್ದಂತೆ ಒಳಗಿನಿಂದ ಕಾಕಾ ನನ್ನನ್ನು ನೋಡಿದರು. "ನಮ್ಮ ಮುತ್ಯಾನ ಕಣ್ಣು ಭಾಳ ಶಾಂತ ಅದಾವಲ್ರಿ?" ಎಂದಳು ಅವನ ಮೊಮ್ಮಗನ ಹೆಂಡತಿ. ಹೌದೆಂದೆ. ಕಾಕಾನ ಕಣ್ಣುಗಳು ಇನ್ನೂ ಇಂಥ ಎಷ್ಟೋ ಗೋಡೆಗಳ ಮೇಲಿವೆ. ಅವರು ತಮ್ಮದೆಂದ ಒಂದೇ ಒಂದು ಚಿತ್ರ ಮಾತ್ರ ಎಲ್ಲಿಯೂ ಇಲ್ಲ.