ಭೂತಮ್ಮನ ಎಡಗೈ ಹೆಬ್ಬೆಟ್ಟು

"ಭೂತಮ್ಮನ ಮಚ್ಚು ಬಿದ್ರೆ ನೋವು ಕರಟಕ್ಕೆ, ಒಳಗಿನ ಕೊಬ್ಬರಿಗೆ ಗೊತ್ತೇ ಆಗಲ್ಲ ಕಣ್ರೀ" ಎಂದು ಕಿಬ್ಬನಹಳ್ಳಿಯ ನೆರೆಹೊರೆಯವರು ಹೊಗಳುತ್ತಿದ್ದರು. ಆಮೇಲೆ ಅವರೇ ಇನ್ನೊಂದು ಮಾತು ಸೇರಿಸಿದರು: "ಹಾವು ಕಂಡ್ರೂ ಹೆದರದೋಳು, ಇಮಾನ ಹತ್ತಿ ಬಂದ್ಮೇಲೆ ಬಾಗ್ಲು ಬಡುದ್ರೂ ಬೆಚ್ಚಿ ಬೀಳ್ತಾಳೆ."

ಎಂಬತ್ತರ ದಶಕದ ಸಂಗತಿ ಇದು. ಭೂತಮ್ಮ ಕೊಬ್ಬರಿ ವ್ಯಾಪಾರಿ ಸದಾಶಿವಯ್ಯನವರ ಕೊಟ್ಟಿಗೆಯಲ್ಲಿ ಕರಟ ಬಿಡಿಸುತ್ತಿದ್ದಳು. ತಾಯಿ ತೀರಿಕೊಂಡಿದ್ದ ಅವರ ಮಗಳು ವಿಮಲಳನ್ನು ಕಂಕುಳಲ್ಲಿಟ್ಟುಕೊಂಡು ಸಾಕಿದವಳೂ ಅವಳೇ. ವಿಮಲ ಮದುವೆಯಾಗಿ ಗಂಡನ ಜೊತೆ ಗಲ್ಫಿಗೆ ಹೋದಳು, ಬಸುರಿಯಾದಳು. ಡಾಕ್ಟರು ಪ್ರಯಾಣ ಬೇಡವೆಂದರು. "ಬಾಣಂತನಕ್ಕೆ ಭೂತವ್ವನೇ ಬೇಕು" ಎಂದು ವಿಮಲ ಹಟ ಹಿಡಿದಳು. ಅಳಿಯ ಭೂತಮ್ಮನ ಹೆಸರಿನಲ್ಲಿ ಮನೆಗೆಲಸದ ಪರ್ಮಿಟ್ಟಿಗೆ ಅರ್ಜಿ ಹಾಕಿದ.

ತಪ್ಪಾದದ್ದು ಅಲ್ಲೇ. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿಯ ಕರಟ ಬಿಡಿಸುವಾಗ ಬಲಗೈಯಲ್ಲಿ ಮಚ್ಚಿರುತ್ತದೆ. ಕಾಯಿಯನ್ನು ಒತ್ತಿ ಒತ್ತಿ ಉರುಳಿಸುವುದು ಎಡಗೈ ಹೆಬ್ಬೆಟ್ಟು. ಹಾಗೆ ಸವೆದ ಹೆಬ್ಬೆಟ್ಟು ಹೊಳೆಗಲ್ಲಿನಂತೆ ನುಣ್ಣಗಾಗಿ, ಮಸಿ ಹಚ್ಚಿ ಒತ್ತಿದರೆ ಬರೀ ಕಪ್ಪು ಬೊಟ್ಟು ಬೀಳುತ್ತದೆ. ಅದಕ್ಕೇ ನಮ್ಮ ಸೀಮೆಯ ಕರಟದವರು ಬಟವಾಡೆಯ ದಿನ ಯಾರೂ ಹೇಳದೆಯೇ ಬಲಗೈ ಚಾಚುತ್ತಾರೆ. ಪರ್ಮಿಟ್ಟಿನ ಕಾಗದದಲ್ಲಿ 'ಎಡ ಹೆಬ್ಬೆಟ್ಟು' ಎಂದು ಅಚ್ಚಾಗಿತ್ತು. ಓದು ಬಾರದ ಭೂತಮ್ಮ ರೂಢಿಯಂತೆ ಬಲದ್ದನ್ನು ಒತ್ತಿದಳು. ಕಾಗದ ತಂದಿದ್ದ ಏಜೆಂಟನೂ ನೋಡಲಿಲ್ಲ.

ಗಲ್ಫಿನಲ್ಲಿ ವಿಮಾನ ಇಳಿದಾಗ ಅಧಿಕಾರಿ ಅವಳ ಎಡಗೈ ಹಿಡಿದು ಒತ್ತಿಸಿದ. ಕಪ್ಪು ಬೊಟ್ಟು ಬಿತ್ತು. ಅವಳು ಗಾಬರಿಯಾಗಿ ಬಲಗೈ ಚಾಚಿದಳು. ಅವನು ಅದನ್ನು ಪಕ್ಕಕ್ಕೆ ತಳ್ಳಿದ. ಅಲ್ಲಿ ಕೆಲಸಕ್ಕಿದ್ದ ಮಂಗಳೂರಿನವನೊಬ್ಬ ಬಂದು, "ಅಮ್ಮಾ, ಕಾಗದದಲ್ಲಿರೋ ಹೆಬ್ಬೆಟ್ಟು ನಿಮ್ಮದಲ್ಲ, ನೀವು ಬೇರೆ ಯಾರದೋ ಹೆಸರಲ್ಲಿ ಬಂದಿದ್ದೀರಿ ಅಂತ ಹೇಳ್ತಾರೆ. ಇನ್ನೊಮ್ಮೆ ಹೀಗೆ ಬಂದ್ರೆ ಜೈಲಂತೆ" ಎಂದ.

"ನಾನ್ ಭೂತಮ್ಮ ಕಣಪ್ಪಾ! ಬೇಕಾದ್ರೆ ಆ ಮಗೀನ ಕೇಳು!"

ಗಾಜಿನಾಚೆ ವಿಮಲ ಹೊಟ್ಟೆ ಹಿಡಿದುಕೊಂಡು ಅಳುತ್ತ ನಿಂತಿದ್ದಳು. ಅವಳನ್ನು ಕೇಳುವವರು ಯಾರೂ ಇರಲಿಲ್ಲ. ಬಂದ ವಿಮಾನದಲ್ಲೇ ಭೂತಮ್ಮನನ್ನು ವಾಪಸ್ಸು ಕಳಿಸಿದರು.

ಊರಿಗೆ ಬಂದವಳು ಕದ ಹಾಕಿಕೊಂಡಳು. ಖಾಕಿ ತೊಟ್ಟ ಪೋಸ್ಟ್‌ಮ್ಯಾನ್ ಬಂದರೂ ಮೂಲೆ ಸೇರುತ್ತಿದ್ದಳು. ಕೊನೆಗೆ ಸದಾಶಿವಯ್ಯನವರೇ ಬಂದು ಜಗಲಿಯ ಮೇಲೆ ಕೂತರು.

"ಹೊಸ ಪರ್ಮಿಟ್ಟು ಮಾಡಿಸಬೌದಂತೆ ಭೂತಮ್ಮ. ಆದ್ರೆ ಎಡಗೈದೇ ಬೇಕಂತೆ, ಗೆರೆ ಕಾಣಬೇಕಂತೆ."

"ಗೆರೆ ಎಲ್ಲೈತೆ ಬುದ್ಧಿ? ಎಲ್ಲಾ ನಿಮ್ಮ ಕೊಬ್ಬರೀಗೇ ಹೋಯ್ತಲ್ಲ!"

ಸದಾಶಿವಯ್ಯ ತಲೆ ತಗ್ಗಿಸಿದರು. "ಕೆಲಸ ಬುಡು. ಚರ್ಮ ಮತ್ತೆ ಬರುತ್ತಂತೆ, ಡಾಕ್ಟ್ರು ಹೇಳಿದ್ರು. ವಿಮಲ ಕಾಗದ ಬರೆದಾಗೆಲ್ಲ ನಿನ್ನ ಹೆಸರೇ ಎತ್ತುತಾಳೆ. ಅವಳಿಗೂ ಭಯ ಕಣಮ್ಮ."

ಅಂದಿನಿಂದ ಭೂತಮ್ಮ ಹರಳೆಣ್ಣೆ ಸವರಿ ಹೆಬ್ಬೆಟ್ಟಿಗೆ ಬಟ್ಟೆ ಸುತ್ತಿದಳು. ಮುದ್ದೆ ತಿರುವಲಿಲ್ಲ, ರಾಗಿ ಬೀಸಲಿಲ್ಲ, ಬೂದಿ ಮುಟ್ಟಿ ಪಾತ್ರೆ ತಿಕ್ಕಲಿಲ್ಲ. ಪಕ್ಕದ ಮನೆಯ ಓಬಮ್ಮನೇ ಮುದ್ದೆ ತಂದಿಡುತ್ತಿದ್ದಳು.

"ಏನೇ, ಹೆಬ್ಬೆಟ್ಟಿಗೂ ಬಾಣಂತನವಾ? ಸಾಂಬ್ರಾಣಿ ಹಾಕ್ಲೇನೇ?"

"ನಗಬ್ಯಾಡ ಓಬಕ್ಕ. ಗೆರೆ ಬರ್ದೇ ಹೋದ್ರೆ ನಾನು ನಾನೇ ಅಲ್ಲ ಅಂತಾರೆ."

ದಿನಾ ಬೆಳಿಗ್ಗೆ ಬಟ್ಟೆ ಬಿಚ್ಚಿ, ಹೆಬ್ಬೆಟ್ಟಿಗೆ ಕುಂಕುಮ ಹಚ್ಚಿ ಸುಣ್ಣದ ಗೋಡೆಗೆ ಒತ್ತುತ್ತಿದ್ದಳು. ಬರೀ ಕೆಂಪು ಬೊಟ್ಟು. ಗೋಡೆಯ ತುಂಬ ಬೊಟ್ಟುಗಳೇ ಆದವು. ಕನಸಿನಲ್ಲಿ ಆ ಗಾಜಿನ ಆಚೆ ವಿಮಲ ಹೆರುತ್ತಿದ್ದಳು. ಭೂತಮ್ಮ ಗಾಜಿಗೆ ಹೆಬ್ಬೆಟ್ಟು ಒತ್ತುತ್ತಲೇ ಇದ್ದಳು.

ಒಂದು ಬೆಳಿಗ್ಗೆ ಬೊಟ್ಟಿನ ಅಂಚಿನಲ್ಲಿ ಕೂದಲೆಳೆಯಂಥ ಗೆರೆಗಳು ಕಂಡವು. ಆಮೇಲೆ ನಡುವೆಯೂ ಸುಳಿ ಮೂಡಿತು. ಏಜೆಂಟ ಈ ಸಲ ಕೈ ನೋಡಿ, ಎಡದ್ದನ್ನೇ ಒತ್ತಿಸಿಕೊಂಡು ಹೋದ. ವಿಮಲಳಿಗೆ ತಿಂಗಳು ತುಂಬುವ ಹೊತ್ತಿಗೆ ಹೊಸ ಪರ್ಮಿಟ್ಟು ಬಂತು. ಭೂತಮ್ಮನ ಹೆದರಿಕೆ ಮಾತ್ರ ಹೋಗಲಿಲ್ಲ. ಬಂದ ಗೆರೆ ಅಲ್ಲಿಗೆ ಮುಟ್ಟುವವರೆಗೂ ಉಳಿಯಬೇಕಲ್ಲ?

ಹೊರಡುವ ದಿನ ಕದದ ಅಗುಳಿ ತೆಗೆಯಲು ಹೋದವಳ ಕೈಯನ್ನು ಓಬಮ್ಮ ತಡೆದಳು. "ಮುಟ್ಬ್ಯಾಡ, ನಾ ತೆಗೀತೀನಿ."

"ದಾರೀಲೇ ಅಳಿಸೋದ್ರೆ ಓಬಕ್ಕ?"

"ಅಳಿಸೋಕೆ ಅದೇನು ರಂಗೋಲಿನಾ? ನಡಿಯೇ, ನಿನ್ ಹೆಬ್ಬೆಟ್ಟಿಗೋಸ್ಕರ ಬಸ್ಸು ಕಾಯಲ್ಲ."

"ನನ್ ಮಚ್ಚು ಮೂಲೇಲೈತೆ. ನೀನೇ ಇಟ್ಕೋ."

ಓಬಮ್ಮ ಅಗುಳಿ ತೆಗೆದು ಕದ ಸರಿಸಿದಳು.

ಭೂತಮ್ಮ ಗೋಡೆಯ ಕುಂಕುಮದ ಬೊಟ್ಟುಗಳನ್ನು ಒಮ್ಮೆ ನೋಡಿದಳು. ಬಲಗೈಯಲ್ಲಿ ಚೀಲ ಹಿಡಿದು, ಎಡಗೈಯನ್ನು ಕೋಳಿಮರಿಯಂತೆ ಸೆರಗಿನೊಳಗೆ ಅವುಚಿಕೊಂಡು ಹೊಸ್ತಿಲು ದಾಟಿದಳು. ಈ ಸಲ ಅವಳನ್ನು ಗಾಜಿನಾಚೆಗೆ ಬಿಟ್ಟರು; ವಿಮಲಳ ಮಗುವನ್ನೂ ಕಂಕುಳಲ್ಲಿಟ್ಟುಕೊಂಡು ಅವಳು ಅಲ್ಲೇ ಉಳಿದಳು. ಆ ಹೊಸ್ತಿಲನ್ನು ಅವಳು ದಾಟಿದ್ದು ಅದೇ ಕೊನೆ.