ತಮ್ಮನ ತೂಕ

ಆಯುಧಪೂಜೆಗೆಂದು ಇವತ್ತು ನಮ್ಮ ಪೀಣ್ಯದ ಗುಜರಿ ಅಂಗಡಿಯ ತೂಕದ ಕಾಟಾಕ್ಕೆ ಕುಂಕುಮ ಹಚ್ಚುತ್ತಿದ್ದೆ. ಬೆರಳು ಅದರ ತಿರುಪಿನ ಹತ್ತಿರ ಬಂದು ನಿಂತಿತು. ಪ್ರತಿ ವರ್ಷವೂ ಅಲ್ಲಿ ನಿಲ್ಲುತ್ತದೆ. ಏಕೆಂದು ಹೇಳುತ್ತೇನೆ, ಕೂತುಕೊಳ್ಳಿ. ಆ ಹಳೇ ಬ್ಯಾಟರಿಗಳ ಮೇಲೆ ಬೇಡ, ಆಸಿಡ್ ಸೋರುತ್ತದೆ.

ನನ್ನ ತಮ್ಮ ಶಿವು ಕಿಕ್‌ಬಾಕ್ಸಿಂಗ್‌ನಲ್ಲಿ ರಾಜ್ಯ ಚಾಂಪಿಯನ್ ಆಗಿದ್ದವನು. ಟ್ರೋಫಿಗಳೆಲ್ಲ ಈ ಅಂಗಡಿಯಲ್ಲೇ ಇವೆ. ಗಿರಾಕಿಗಳು ಆಗಾಗ ಅವಕ್ಕೂ ರೇಟು ಕೇಳುತ್ತಾರೆ. ಆದರೆ ಜನ ನೆನಪಿಟ್ಟುಕೊಂಡಿರುವುದು ಅವನು ಗೆದ್ದ ಪಂದ್ಯಗಳನ್ನಲ್ಲ, ಬೇಗೂರಿನ ನಾಗನ ಜೊತೆ ಆಡದೇ ಉಳಿದ ಪಂದ್ಯವನ್ನು. ಮೊದಲ ಸಲ ನಾಗ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ. ಎರಡನೇ ಸಲ ಹಾಲ್‌ನವರು ಯಾರದೋ ನಿಶ್ಚಿತಾರ್ಥಕ್ಕೆ ಜಾಗ ಕೊಟ್ಟುಬಿಟ್ಟರು. ಮೂರನೆಯದನ್ನು ತಪ್ಪಿಸಿದವಳು ನಾನು.

ಅದಕ್ಕೆ ಮುಂಚೆ ನಾಗ ಒಬ್ಬನಿಗೆ ಒದ್ದದ್ದನ್ನು ನೋಡಿದ್ದೆ. ಬಿದ್ದವನು ಎದ್ದು ತನ್ನ ಅಮ್ಮನನ್ನೇ "ನೀವ್ಯಾರು?" ಎಂದು ಕೇಳಿದ. ನಾನು ಏಳನೇ ಕ್ಲಾಸಿನವರೆಗೆ ಓದಿದವಳು. ಚಾಂಪಿಯನ್‌ಗೆ ಬುದ್ಧಿ ಹೇಳುವಂಥ ಮಾತು ನನಗೆ ಬರುವುದಿಲ್ಲ. ಬರುವುದು ತೂಕ. ಪಂದ್ಯದ ಹಿಂದಿನ ಸಂಜೆ ಶಿವು ಯಾವಾಗಲೂ ನಮ್ಮ ಕಾಟಾದ ಮೇಲೇ ನಿಂತು ತೂಕ ನೋಡಿಕೊಳ್ಳುತ್ತಿದ್ದ. ತಿರುಪನ್ನು ಒಂಚೂರು ತಿರುಗಿಸಿದರೆ ಅದು ಎರಡು ಕೆಜಿ ಕಡಿಮೆ ತೋರಿಸುತ್ತದೆ. ಈ ವಿದ್ಯೆ ಗುಜರಿಯವರಿಗೆಲ್ಲ ಗೊತ್ತು. ಗಿರಾಕಿಗಳ ಮೇಲೆ ಪ್ರಯೋಗಿಸಿಲ್ಲ ಎಂದರೆ ನೀವು ನಂಬುವುದಿಲ್ಲ, ಅದಿರಲಿ. ಮುಳ್ಳು ನೋಡಿ ಶಿವು ಕುಣಿದ. ತೂಕ ಇಳಿಸಲು ವಾರದಿಂದ ಹೊಟ್ಟೆ ಕಟ್ಟಿದ್ದವನ ಮುಂದೆ ಒಬ್ಬಟ್ಟು ಇಟ್ಟೆ, ತುಪ್ಪ ಸುರಿದೆ. ಬೆಳಿಗ್ಗೆ ಪಂದ್ಯದ ಜಾಗದಲ್ಲಿ ತೂಗಿದಾಗ ತೂಕ ಅವನ ವರ್ಗದ ಮಿತಿ ಮೀರಿತ್ತು. ಅವನನ್ನು ಕಣಕ್ಕೇ ಬಿಡಲಿಲ್ಲ.

ಅವನು ಕಾಟಾವನ್ನು ಬೈಯಲಿಲ್ಲ, ತನ್ನ ನಾಲಿಗೆಯನ್ನು ಬೈದುಕೊಂಡ. ಅಂದಿನಿಂದ ಒಬ್ಬಟ್ಟು ಮುಟ್ಟಿರಲಿಲ್ಲ. ಮುಂದೆ ನಾಗನಿಗೆ ಮಂಡಿ ಕೈಕೊಟ್ಟಿತು. ಈಗ ಎಲೆಕ್ಟ್ರಾನಿಕ್ ಸಿಟಿಯ ಒಂದು ಗೇಟಿನಲ್ಲಿ ನಿಂತು ಕಾರುಗಳಿಗೆ ಸಲ್ಯೂಟ್ ಹೊಡೆಯುತ್ತಾನೆ. ಯಾರು ಗೆಲ್ಲುತ್ತಿದ್ದರು ಎಂದು ಕೇಳಿದವರಿಗೆಲ್ಲ ಶಿವು, "ನಾನು ಒಬ್ಬಟ್ಟಿಗೇ ಸೋತೋನು ಗುರು" ಎನ್ನುತ್ತಾನೆ. ಜನ ನಗುತ್ತಾರೆ. ನಾನೂ ನಗಬೇಕಾಗುತ್ತದೆ.

ಇವತ್ತು ಕುಂಕುಮದ ಬೆರಳು ಇನ್ನೂ ತಿರುಪಿನ ಹತ್ತಿರವೇ ಇತ್ತು. ಶಿವು ತಾನು ಕಲಿಸುವ ಹುಡುಗಿ ಕಾವ್ಯಾಳನ್ನು ಕರೆದುಕೊಂಡು ಬಂದ. ನಾಡಿದ್ದು ಅವಳ ಪಂದ್ಯ.

"ಹತ್ತಮ್ಮ. ನಮ್ಮಕ್ಕನ ಕಾಟಾ ಸುಳ್ಳು ಹೇಳಲ್ಲ."

"ಒಂದ್ಸಲ ಹೇಳೈತೆ ಕಣೋ," ಎಂದೆ. "ನಾಗನ ಪಂದ್ಯದ ಹಿಂದಿನ್ ದಿನ. ತಿರುಪು ತಿರುಗಿಸ್ಬಿಟ್ಟಿದ್ದೆ."

ಶಿವು ತಿರುಪನ್ನು ನೋಡಿದ. ನನ್ನನ್ನು ನೋಡಲಿಲ್ಲ.

"ಯಾಕಕ್ಕ?"

"ನೀನೂ ಎದ್ದು ನನ್ನೇ ನೀವ್ಯಾರು ಅಂತ ಕೇಳ್ಬಿಟ್ಟಿದ್ರೆ?"

"ಇಳಿ ಕಾವ್ಯ," ಎಂದ. "ಎದುರುಗಡೆ ಮೆಡಿಕಲ್ ಶಾಪಲ್ಲಿ ತೂಕ ನೋಡ್ಕೊಂಡು ಬಾ."

ಹುಡುಗಿ ರಸ್ತೆ ದಾಟಿದಳು. ಶಿವು ಹೋಗಿ ಆ ಬ್ಯಾಟರಿಗಳ ಮೇಲೇ ಕೂತ. ಆಮೇಲೆ ಪೂಜೆಗೆ ಇಟ್ಟಿದ್ದ ತಟ್ಟೆಯನ್ನು ಹತ್ತಿರ ಎಳೆದುಕೊಂಡು ಒಂದು ಒಬ್ಬಟ್ಟು ಮುರಿದ.

"ತುಪ್ಪ ಎಲ್ಲಿ?" ಎಂದ.